ಎಲ್ಲ ಸೇರಿದ ಟಿಕೇಟು

ನನ್ನ ಹೆಂಡತಿಯ ಹದಿನಾರನೆಯ ದಿನದ ಕಾರ್ಯಕ್ಕೆ ಬಂದವರಲ್ಲಿ ಹೆಚ್ಚಿನವರು ಊಟ ಮುಗಿಸಿ ಹೊರಡುವಾಗ ನನ್ನ ಕೈ ಹಿಡಿದು ಒಂದೇ ಮಾತು ಹೇಳಿದರು. "ಹೋಗೋಕೆ ಮುಂಚೆ ಕಪ್ಪಲು ಹತ್ತಿಸಿ ಇಳಿಸಿದೆಯಲ್ಲಪ್ಪ, ಯಾವ ಗಂಡ ಮಾಡ್ತಾನೆ ಇದ್ನ!" ಹಡಗಿಗೆ ನಮ್ಮ ಮನೆಗಳಲ್ಲಿ ಕಪ್ಪಲು ಎಂದೇ ಹೇಳುವುದು. ಕೊಯಮತ್ತೂರಿನ ಹತ್ತಿರದ ಅನ್ನೂರಿನ ನಮ್ಮ ಬೀದಿಯಲ್ಲಿ ಹಡಗು ಹತ್ತಿದವರು ನಾವಿಬ್ಬರೇ. ನಾನು ಪ್ರತಿಯೊಬ್ಬರಿಗೂ ತಲೆ ಆಡಿಸಿದೆ. ಆ ಹೊಗಳಿಕೆ ನನಗೆ ಸಲ್ಲುವುದಲ್ಲ ಎಂದು ಗೊತ್ತಿದ್ದೂ ತೆಗೆದುಕೊಂಡೆ.

ಅಲ್ಲಿ ನಡೆದದ್ದನ್ನು ಬರೆದಿಡುತ್ತೇನೆ. ನಾನು ಓದಿದ್ದು ತಮಿಳು ಶಾಲೆಯಲ್ಲಿ, ಹತ್ತರವರೆಗೆ. ಮನೆಯಲ್ಲಿ ಕನ್ನಡ ಆಡುತ್ತಿದ್ದೆವೇ ಹೊರತು ಅಕ್ಷರ ಯಾರಿಗೂ ಬರುತ್ತಿರಲಿಲ್ಲ. ಹೆಂಡತಿ ತಾಳವಾಡಿಯ ಕಡೆಯವಳು, ಕನ್ನಡ ಶಾಲೆಯಲ್ಲಿ ಓದಿದವಳು. ಮದುವೆಯಾದ ಹೊಸತರಲ್ಲಿ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ಬರೆದು ನನಗೆ ಕಲಿಸಿದಳು. ತಮಿಳಿನಲ್ಲಿ ಬರೆದರೆ ನನ್ನವರೆಲ್ಲ ಓದಿಬಿಡುತ್ತಾರೆ. ಕನ್ನಡದಲ್ಲಿ ಬರೆದರೆ ನಮ್ಮ ಬೀದಿಯಲ್ಲಿ ಓದಬಲ್ಲವರು ಈಗ ಯಾರೂ ಇಲ್ಲ. ಅಷ್ಟು ಧೈರ್ಯ ಮಾತ್ರ ನನಗಿದೆ.

ಹಡಗಿನ ಯೋಚನೆ ನನ್ನದಲ್ಲ, ಭಾವನದು. ಅಕ್ಕ ಭಾವ ಇರುವುದು ಪೋತ್ತನೂರಿನಲ್ಲಿ. ಭಾವ ರೈಲ್ವೆ ವರ್ಕ್‌ಶಾಪಿನಿಂದ ಆಗಷ್ಟೇ ರಿಟೈರ್ ಆಗಿದ್ದರು. ಜೀವನವೆಲ್ಲ ರೈಲು ನೋಡಿದ್ದಾಯಿತು, ಇನ್ನು ನೀರಿನ ಮೇಲೆ ಹೋಗೋಣ ಎಂದರು. ಇಬ್ಬರೂ ಕೊಯಮತ್ತೂರಿನ ಒಂದು ಟ್ರಾವೆಲ್ಸ್ ಆಫೀಸಿಗೆ ಹೋದೆವು. ಚೆನ್ನೈನಿಂದ ಶುಕ್ರವಾರ ಹೊರಟು ಸೋಮವಾರ ವಾಪಸು ಬರುವ ಹಡಗು. ಟಿಕೇಟು ಎರಡು ಥರ. ಸಾದಾ ಟಿಕೇಟಿಗೆ ಒಂದು ರೂಮು, ದೊಡ್ಡ ಹಾಲಿನಲ್ಲಿ ಮೂರು ಹೊತ್ತು ಊಟ. ಅದರ ಮೇಲೆ ಜ್ಯೂಸು, ಐಸ್‌ಕ್ರೀಮು, ಮೇಲಿನ ಮಹಡಿಯ ಹೋಟೆಲುಗಳು, ಆಟ ಪಾಟ, ಎಲ್ಲಕ್ಕೂ ಬೇರೆ ಬೇರೆ ಕಾಸು. ಇನ್ನೊಂದು, ಎಲ್ಲ ಸೇರಿದ ಟಿಕೇಟು. "ಒರೇ ರೇಟ್ ಸಾರ್, ಕಪ್ಪಲ್ಲೆ ಪರ್ಸೇ ತೊಡವೇಣ್ಡಾಂ" ಎಂದ ಏಜೆಂಟು. ಒಂದೇ ರೇಟು, ಹಡಗಿನಲ್ಲಿ ಪರ್ಸು ಮುಟ್ಟುವುದೇ ಬೇಡವಂತೆ.

ಭಾವ ಒಪ್ಪಲಿಲ್ಲ. "ಟಿಕೇಟು ಅಂದ್ರೆ ಸೀಟಿಗೆ. ಕಾಪಿ ಬೇಕಾದ್ರೆ ಕಾಪಿಗೆ ಕಾಸು. ರೈಲು ಹಿಂಗೇ ತಾನೆ ಓಡ್ತಾ ಇರೋದು?"

ನಾನು ತಿರುಪ್ಪೂರಿನ ಒಂದು ಬನಿಯನ್ ಕಂಪನಿಯಲ್ಲಿ ಕಟಿಂಗ್ ಮಾಸ್ಟರ್. ನಮ್ಮ ಕೆಲಸದಲ್ಲೂ ಈ ಎರಡು ಥರ ಉಂಟು. ಆರ್ಡರು ಕೊಡುವ ಕೆಲವು ಪಾರ್ಟಿಗಳು ನೂಲಿಗೆ ಬೇರೆ, ಬಣ್ಣಕ್ಕೆ ಬೇರೆ, ಹೊಲಿಗೆಗೆ ಬೇರೆ ಎಂದು ಹಣ ಕೊಟ್ಟು ಓಡಾಡುತ್ತವೆ. ದೊಡ್ಡ ಪಾರ್ಟಿ ಮಾತ್ರ ಪೀಸಿಗೆ ಇಷ್ಟು ಎಂದು ಫುಲ್ ರೇಟು ಮಾತಾಡಿ ಹಾಯಾಗಿ ಮನೆಯಲ್ಲಿ ಮಲಗುತ್ತದೆ. ಜೀವನದಲ್ಲಿ ಒಂದು ಸಲ ನಾನೂ ದೊಡ್ಡ ಪಾರ್ಟಿಯಾಗಬೇಕು ಅನಿಸಿತು. ಫುಲ್ ರೇಟಿನ ಒಳಗುಟ್ಟು ನನಗೆ ಗೊತ್ತಿಲ್ಲದ್ದೇನಲ್ಲ. ಅದರಲ್ಲಿ ಉಳಿದ ಬಟ್ಟೆ, ಉಳಿದ ದಾರ, ಉಳಿದ ಗುಂಡಿ ಯಾವುದೂ ಪಾರ್ಟಿಗೆ ವಾಪಸು ಹೋಗುವುದಿಲ್ಲ. ಮಾಡಿಕೊಟ್ಟವನ ಹತ್ತಿರವೇ ನಿಲ್ಲುತ್ತದೆ. ಏನನ್ನೂ ಉಳಿಸದಿದ್ದರಾಯಿತು ಎಂದುಕೊಂಡೆ.

ರೇಟು ಕಡಿಮೆ ಇತ್ತು, ಏಕೆಂದರೆ ಅದು ಪುರಟ್ಟಾಸಿ ತಿಂಗಳು. ಪೆರುಮಾಳ್, ಅಂದರೆ ವಿಷ್ಣು ದೇವರ ತಿಂಗಳು. ನಮ್ಮ ಕಡೆ ಹೆಚ್ಚಿನ ಮನೆಗಳಲ್ಲಿ ಆಗ ಕೋಳಿ, ಮೀನು ಬೇಯುವುದಿಲ್ಲ. ಮೀನಿನ ಬೆಲೆ ಇಳಿಯುವುದು ಸಣ್ಣ ಮಕ್ಕಳಿಗೂ ಗೊತ್ತು. ಬೆಲೆ ಇಳಿದದ್ದಷ್ಟೇ ನನಗೆ ಕಂಡಿತು. ನಮ್ಮ ಮನೆಯಲ್ಲೂ ಅದೇ ತಿಂಗಳು ನಡೆಯುತ್ತದೆ ಎಂಬುದು ತಲೆಗೆ ಹೋಗಲಿಲ್ಲ.

ಹೆಂಡತಿಗೆ ಹೇಳಿದಾಗ ಮೊದಲು ಅದನ್ನೇ ಕೇಳಿದಳು. "ಪುರಟ್ಟಾಸೀಲಾ? ಮೂರನೇ ಶನಿವಾರ ಬರ್ತದಲ್ಲ?"

"ಪೆರುಮಾಳೂ ಸಮುದ್ರದ ಮೇಲೇ ತಾನೆ ಮಲಗಿರೋದು? ನಾವೇ ಹೋಗಿ ನೋಡ್ಕೊಂಡು ಬರೋಣ."

"ಅದು ಹಾಲಿನ ಸಮುದ್ರ. ಇದು ಉಪ್ಪಿಂದು" ಎಂದು ನಕ್ಕಳು. ಬೇಡ ಎನ್ನಲಿಲ್ಲ.

ಹಡಗು ಹತ್ತುವಾಗ ನಮ್ಮಿಬ್ಬರ ಕೈಗೆ ನೀಲಿ ಪಟ್ಟಿ ಕಟ್ಟಿದರು. ಅಕ್ಕ ಭಾವನಿಗೆ ಬಿಳಿ ಪಟ್ಟಿ. ಸಂಜೆಗೆಲ್ಲ ಭಾವ ಶುರು ಮಾಡಿದರು. ಅವರು ನನ್ನನ್ನು ಕರೆಯುವುದು ಮಾಪ್ಳೆ, ಭಾವಮೈದ ಎಂದು; ನನ್ನ ಹೆಂಡತಿಯನ್ನು ತಂಗಚ್ಚಿ, ತಂಗಿ ಎಂದು. "ನಿನ್ನ ಟಿಕೇಟಲ್ಲಿ ಬ್ರಾಂದೀನೂ ಸೇರಿದೆ ಮಾಪ್ಳೆ, ನೀನೋ ಕುಡಿಯೋನಲ್ಲ. ನಿನ್ನ ಪಾಲು ನನಗೆ ಕೊಡ್ಸು." ಕೇಳಿದೆವು. ಒಂದು ಪಟ್ಟಿಗೆ ಒಂದೇ ಬಾಯಿ ಎಂದು ಅಲ್ಲಿನವನು ಕೈ ಆಡಿಸಿದ. ಭಾವ ಬಿಡಲಿಲ್ಲ. "ಬ್ರಾಂದಿ ಇಲ್ಲ. ಪುರಟ್ಟಾಸಿ ಅಂತ ಕೋಳಿ ಇಲ್ಲ. ತಂಗಚ್ಚಿ ಗುಬ್ಬಿ ಹಂಗೆ ತಿಂತಾಳೆ. ನಿಮ್ಮಂತೋರು ಇನ್ನು ನಾಲ್ಕು ಜನ ಬಂದ್ರೆ ಕಪ್ಪಲ್ ಕಂಪನಿಯೋನು ಹೊಸ ಕಪ್ಪಲೇ ತಗೋತಾನೆ!" ಅಕ್ಕ ನಕ್ಕಳು. ನನ್ನ ಹೆಂಡತಿಯೂ ನಕ್ಕಳು. ನನಗೆ ನಗು ಬರಲಿಲ್ಲ.

ಅಂದು ಸಂಜೆ ಅವಳನ್ನು ಮೇಲಿನ ಮಹಡಿಗೆ ಕರೆದುಕೊಂಡು ಹೋದೆ. ಅವಳು ಸೂಪು ಕುಡಿದಳು, ಉಳಿದದ್ದನ್ನೆಲ್ಲ ಮೆಲ್ಲಗೆ ನನ್ನ ತಟ್ಟೆಗೆ ದಾಟಿಸಿದಳು. ನಾನು ಮಾವಿನ ಜ್ಯೂಸು ತಂದೆ, ದಾಳಿಂಬೆ ಜ್ಯೂಸು ತಂದೆ. ಎರಡು ಗುಟುಕು ಕುಡಿದು ಇಟ್ಟಳು. "ನಾಳೆಯಾದ್ರೂ ಸರಿಯಾಗಿ ತಿನ್ನು" ಎಂದೆ.

"ನಾಳೆ ಶನಿವಾರ" ಎಂದಳು.

ಆ ವ್ರತ ಹೇಗೆಂದರೆ, ಬೆಳಗಿನಿಂದ ನೀರು ಬಿಟ್ಟು ಏನೂ ಮುಟ್ಟುವುದಿಲ್ಲ. ಸ್ನಾನ ಮಾಡಿ, ಚೊಂಬಿಗೆ ನಾಮ ಇಟ್ಟು, ಐದು ಮನೆಯ ಮುಂದೆ ನಿಂತು "ಗೋವಿಂದಾ" ಎಂದು ಕೂಗಿ ಅಕ್ಕಿ ಬೇಡುತ್ತಾರೆ. ಮಿಲ್ಲಿನ ಯಜಮಾನನ ಹೆಂಡತಿಯಾದರೂ ಬೇಡಲೇಬೇಕು. ಆ ಅಕ್ಕಿಯನ್ನು ಬೇಯಿಸಿ ದೇವರಿಗಿಟ್ಟು ಮಧ್ಯಾಹ್ನ ಒಂದು ಹೊತ್ತು ಉಣ್ಣುತ್ತಾರೆ. ಸ್ವಂತ ಕಾಸಿನ ಅಕ್ಕಿಯಲ್ಲಿ ಉಪವಾಸ ಬಿಡುವಂತಿಲ್ಲ. ನನ್ನ ಹೆಂಡತಿ ಒಂದು ವರ್ಷವೂ ತಪ್ಪಿಸಿದವಳಲ್ಲ.

ಶನಿವಾರ ಬೆಳಿಗ್ಗೆ ಹಣೆಗೆ ನಾಮ ಇಟ್ಟುಕೊಂಡು ರೂಮಿನ ಕಿಟಕಿಯ ಹತ್ತಿರ ಕೂತು ಕೇಳಿದಳು. "ಇಲ್ಲಿ ಯಾರ ಹತ್ರ ಬೇಡ್ಲಿ? ಎಲ್ಲಾನೂ ನೀವು ಮುಂಚೇನೇ ಕೊಂಡ್ಬಿಟ್ಟಿದೀರಲ್ಲ."

ತಮಾಷೆಗೆ ಹೇಳಿದಳೆಂದು ನಾನು ಹೊರಗೆ ಹೋದೆ.

ಮಧ್ಯಾಹ್ನ ಅವಳು ರೂಮಿನಲ್ಲಿರಲಿಲ್ಲ. ಹುಡುಕಿಕೊಂಡು ಡೆಕ್ಕಿಗೆ ಬಂದರೆ ಅಕ್ಕ ಭಾವ ಕೂತಿದ್ದ ಕುರ್ಚಿಗಳ ಮುಂದೆ ನಿಂತಿದ್ದಳು. ಸೆರಗೊಡ್ಡಿ, ಸಣ್ಣ ದನಿಯಲ್ಲಿ "ಗೋವಿಂದಾ" ಎಂದಳು. ಅಕ್ಕ ಸೀರೆಗಳ ನಡುವೆ ಬಚ್ಚಿಟ್ಟು ತಂದಿದ್ದ ಅವಲಕ್ಕಿಯ ಪೊಟ್ಟಣ ಬಿಚ್ಚಿ, ಒಂದು ಹಿಡಿ ಅವಳ ಸೆರಗಿಗೆ ಹಾಕಿದಳು. ಐದು ಮನೆಗೆ ಬದಲು ಐದು ಸಲ ಹಾಕಬೇಕೆಂದು ಇಬ್ಬರೂ ಮಾತಾಡಿಕೊಂಡಿದ್ದರಂತೆ. ಎರಡನೆಯ ಹಿಡಿ ಹಾಕುವಾಗ ಭಾವ ನನ್ನನ್ನು ನೋಡಿದರು.

"ವಾ ಮಾಪ್ಳೆ, ವಾ! ನೋಡು ಇಲ್ಲಿ! ಫುಲ್ ಟಿಕೇಟು ಯಜಮಾನಿ ಸಾದಾ ಟಿಕೇಟಿನೋರ ಹತ್ರ ಪಿಚ್ಚೆ ತಗೋತಾ ಅವ್ಳೆ!"

ಪಿಚ್ಚೆ, ಭಿಕ್ಷೆ ಎಂದರೂ ಅವರ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ. ಆದರೆ ಅಕ್ಕಪಕ್ಕ ಕೂತಿದ್ದ ತಮಿಳರು ತಿರುಗಿ ನೋಡಿ ನಕ್ಕರು. ನನ್ನ ಕಿವಿ ಬಿಸಿಯಾಯಿತು.

"ಇಷ್ಟು ಕಟ್ಟಿ ಕರ್ಕೊಂಡು ಬಂದಿದೀನಿ, ನೀನು ಇಲ್ಲಿ ಸೆರಗೊಡ್ತಾ ನಿಂತಿದೀಯ?"

"ವ್ರತಕ್ಕೆ ಕಣ್ರೀ..."

"ಲೇ ತಂಬಿ, ಬಿಡೋ" ಎಂದಳು ಅಕ್ಕ. "ಎರಡು ಹಿಡಿ ಅವಲಕ್ಕಿಗೆ ಯಾಕೋ ಇಂಗಾಡ್ತೀಯ?"

ನಾನು ಅವಳ ಸೆರಗಿಗೆ ಕೈ ಹಾಕಿ ಆ ಅವಲಕ್ಕಿಯನ್ನು ಬಾಚಿ ಅಕ್ಕನ ಪೊಟ್ಟಣಕ್ಕೆ ಹಾಕಿದೆ. ಸ್ವಲ್ಪ ಕೆಳಗೆ ಚೆಲ್ಲಿತು. ಭಾವ ನಗುವುದನ್ನು ನಿಲ್ಲಿಸಿದರು.

ಮೇಲಿನ ಹೋಟೆಲಿಗೆ ಕರೆದುಕೊಂಡು ಹೋಗಿ ಕೂರಿಸಿದೆ. ಮೊಸರನ್ನ ಸಿಗುತ್ತದಾ ಎಂದು ಅವಳು ಕೇಳಿದಳು. ಅಲ್ಲಿ ಮೊಸರನ್ನ ಇರಲಿಲ್ಲ. ಮಾಂಸ ಇಲ್ಲದ್ದು ಏನೇನಿದೆಯೋ ಎಲ್ಲ ತಾ ಎಂದೆ. ಬೆಣ್ಣೆ ಹಾಕಿದ ಪನೀರು, ನೂಡಲ್ಸು, ಚೀಸ್ ಕರಗಿಸಿದ ಬ್ರೆಡ್ಡು ಬಂತು. ಅವಳು ನಾಮ ಇಟ್ಟುಕೊಂಡ ಹಣೆಯನ್ನು ತಗ್ಗಿಸಿ ತಿನ್ನತೊಡಗಿದಳು. ನಿಲ್ಲಿಸಿದಾಗಲೆಲ್ಲ ತಟ್ಟೆಯನ್ನು ಅವಳ ಕಡೆಗೆ ತಳ್ಳಿದೆ. ಮೊದಲೆಲ್ಲ ಅವಳು ನನ್ನ ಮುಖ ನೋಡುತ್ತಿದ್ದಳು, ಆಮೇಲೆ ತಟ್ಟೆಯನ್ನಷ್ಟೇ ನೋಡಿದಳು. ಮುಗಿಸಿ ಬಾತ್‌ರೂಮಿಗೆ ಹೋದವಳು ಬಹಳ ಹೊತ್ತು ಬರಲಿಲ್ಲ. ಬಂದಾಗ ಮುಖ ತೊಳೆದಿದ್ದಳು, ಹಣೆಯ ನಾಮ ಅಳಿಸಿತ್ತು.

"ಕಪ್ಪಲು ಆಡ್ತದಲ್ಲ, ಅದಕ್ಕೆ ನಿಲ್ಲಲಿಲ್ಲ" ಎಂದಳು.

ಸಮುದ್ರ ಅಂದು ಇಸ್ತ್ರಿ ಹಾಕಿದ ಬಟ್ಟೆಯ ಹಾಗಿತ್ತು. ಹಡಗು ಆಡುತ್ತಿರಲಿಲ್ಲ. ಅದು ನನಗೂ ಕಾಣುತ್ತಿತ್ತು.

ನಾನು ಹೇಳಿದ್ದು ಇದು: "ತಿಂದಿದ್ದೆಲ್ಲ ಕಕ್ಕಿಬಿಟ್ಯಲ್ಲ, ಇದೂ ಆ ಕಪ್ಪಲ್ ಕಂಪನಿಯೋನಿಗೇ ಲಾಭ."

ಅವಳು ಕೈಯ ನೀಲಿ ಪಟ್ಟಿಯನ್ನು ಸ್ವಲ್ಪ ಮೇಲಕ್ಕೆ ಸರಿಸಿಕೊಂಡಳು. ಮಣಿಕಟ್ಟು ಎಷ್ಟು ಸಣ್ಣಗಾಗಿದೆ ಎಂದು ಆಗಲೂ ನಾನು ಗಮನಿಸಲಿಲ್ಲ.

ಪೊಂಗಲ್ ಕಳೆದ ಮೇಲೆ ಒಂದು ದಿನ ಅಡುಗೆಮನೆಯಲ್ಲಿ ಬಿದ್ದಳು. ಆಸ್ಪತ್ರೆಯಲ್ಲಿ ಡಾಕ್ಟರು, ಊಟ ಸೇರದೆ ಎಷ್ಟು ದಿನವಾಯಿತು ಎಂದು ನನ್ನನ್ನು ಕೇಳಿದರು. ಊಟ ಚೆನ್ನಾಗಿಯೇ ಮಾಡುತ್ತಾಳೆ ಎಂದೆ. ಅವಳು ನೆಲ ನೋಡುತ್ತಾ "ಆಡಿಯಿಂದ" ಎಂದಳು. ಆಡಿ ಎಂದರೆ ಪುರಟ್ಟಾಸಿಗೆ ಎರಡು ತಿಂಗಳು ಮುಂಚೆ. ಹೊಟ್ಟೆಯಲ್ಲಿ ಗೆಡ್ಡೆ. ಆ ಹೊತ್ತಿಗೆ ಎಲ್ಲೆಲ್ಲೋ ಹಬ್ಬಿತ್ತು.

ಮನೆಯಲ್ಲಿ ನಾವಿಬ್ಬರೇ, ಮಕ್ಕಳಿಲ್ಲ. ನಾನು ಬೆಳಗಿನ ಬಸ್ಸಿಗೆ ತಿರುಪ್ಪೂರಿಗೆ ಹೋದರೆ ಕತ್ತಲಾದ ಮೇಲೆ ಬರುವವನು. ಆ ತಿಂಗಳುಗಳಲ್ಲಿ ಅವಳ ವ್ರತಗಳು ಹೆಚ್ಚಾಗಿದ್ದವು. ಸೋಮವಾರ, ಕೃತ್ತಿಕೆ, ಏಕಾದಶಿ, ಶನಿವಾರ. ಉಣ್ಣಲಾಗುತ್ತಿಲ್ಲ ಎಂಬುದನ್ನು ಅವಳು ದೇವರ ಹೆಸರಿನ ಹಿಂದೆ ಮುಚ್ಚಿಟ್ಟಿದ್ದಳು. ಬಟ್ಟೆಯಲ್ಲಿ ಒಂದು ಎಳೆ ತಪ್ಪಿದ್ದರೆ ದೂರದಿಂದಲೇ ಹೇಳುವವನು ನಾನು. ಇದು ನನಗೆ ಕಾಣಲಿಲ್ಲ.

ಬೇಸಿಗೆಯಲ್ಲಿ, ಚಿತ್ರೆ ತಿಂಗಳಲ್ಲಿ ಹೋದಳು. ಅದಾದ ಮೇಲೆ ಅಕ್ಕ ಒಂದು ಸಂಗತಿ ಹೇಳಿದಳು. ಆ ಶನಿವಾರ ಸಂಜೆ ನನ್ನ ಹೆಂಡತಿ ಅವರ ರೂಮಿಗೆ ಹೋಗಿ, ಆ ಅವಲಕ್ಕಿಯನ್ನೇ ಕೇಳಿ ಈಸಿಕೊಂಡು, ನೀರಿನಲ್ಲಿ ನೆನೆಸಿ ತಿಂದಳಂತೆ. ಅದು ಹೊಟ್ಟೆಯಲ್ಲಿ ನಿಂತಿತಂತೆ. "ಅವ್ರಿಗೆ ಹೇಳ್ಬೇಡಿ ಅಕ್ಕ, ಬೇಜಾರು ಮಾಡ್ಕೋತಾರೆ" ಎಂದಳಂತೆ.

ಎಲ್ಲ ಸೇರಿದ ಟಿಕೇಟು ತಪ್ಪೇ ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. ತಪ್ಪೇನಲ್ಲ. ಎಲ್ಲ ತಿಂದು ಕುಡಿದು ಆಡುವ ಸಂಸಾರಕ್ಕೆ ಅದೇ ಸರಿ. ಕುಡಿಯದ, ಪುರಟ್ಟಾಸಿ ಹಿಡಿಯುವ ನಮ್ಮಂಥವರಿಗೆ ಭಾವನ ಲೆಕ್ಕವೇ ಸರಿಯಿತ್ತು. ಆದರೆ ನನ್ನನ್ನು ಕಾಡುವುದು ಲೆಕ್ಕವಲ್ಲ. ಭಾವ ಹಡಗಿನಲ್ಲಿ ಒಂದು ಐಸ್‌ಕ್ರೀಮು ಕೊಳ್ಳುವ ಮುಂಚೆ ಅಕ್ಕನ ಕಡೆ ತಿರುಗಿ "ನಿನಗೆ ಬೇಕಾ?" ಎಂದು ಕೇಳುತ್ತಿದ್ದರು. ಕಾಸು ಕೊಡಬೇಕಲ್ಲ, ಅದಕ್ಕೆ ಕೇಳಬೇಕಾಗುತ್ತಿತ್ತು. ಅಕ್ಕ ಬೇಡ ಎಂದರೆ ಅಲ್ಲಿಗೆ ಮುಗಿಯಿತು, ಯಾರಿಗೂ ನಷ್ಟವಿಲ್ಲ. ನಾನು ಆ ದಿನಗಳಲ್ಲಿ ಒಂದು ಸಲವೂ ಹಾಗೆ ಕೇಳಲಿಲ್ಲ. ಕೇಳುವ ಅವಶ್ಯಕತೆ ಇರಲಿಲ್ಲ. ಅವಳ ಬೇಡ ಎಂಬ ಮಾತು ನನಗೆ ನಷ್ಟವಾಗಿ ಕೇಳುತ್ತಿತ್ತು.

ಹೋದ ತಿಂಗಳು ನಮ್ಮ ಕಂಪನಿಯಲ್ಲಿ ಚೆಕಿಂಗ್ ಮಾಡುವ ಹೆಂಗಸೊಬ್ಬಳು ನನ್ನ ಟೇಬಲ್ಲಿನ ಹತ್ತಿರ ಬಂದಳು. ಅವಳ ತಂದೆಗೆ ಅರವತ್ತು ತುಂಬುತ್ತದೆ. ಅಣ್ಣ ತಂಗಿಯರೆಲ್ಲ ಸೇರಿ ತಂದೆ ತಾಯಿಯನ್ನು ಹಡಗಿನಲ್ಲಿ ಕಳಿಸಬೇಕೆಂದಿದ್ದಾರೆ. "ಮಾಸ್ಟರ್, ಫುಲ್ಲಾ, ಸಾದಾವಾ? ಎದು ನಲ್ಲದು?" ಯಾವುದು ಒಳ್ಳೆಯದು ಎಂದು ಕೇಳಿದಳು.

ನಿಮ್ಮ ಅಮ್ಮ ಈಗ ಏನು ತಿನ್ನುತ್ತಾರೆ, ಎಷ್ಟು ತಿನ್ನುತ್ತಾರೆ, ನಿನಗೆ ಗೊತ್ತಾ ಎಂದು ತಮಿಳಿನಲ್ಲೇ ಕೇಳಿದೆ.

ಅವಳು ಸ್ವಲ್ಪ ಯೋಚಿಸಿ, "ಅಮ್ಮ ಯಾವಾಗ್ಲೂ ಕೊನೇಲಿ ತಾನೆ ತಿನ್ನೋದು ಮಾಸ್ಟರ್. ನಾವೆಲ್ಲಿ ನೋಡ್ತೀವಿ?" ಎಂದಳು.

ಹಾಗಾದರೆ ಮೊದಲು ಒಂದು ವಾರ ಅವರ ಜೊತೆ ಕೂತು ಉಣ್ಣು, ಆಮೇಲೆ ಟಿಕೇಟು ತೆಗೆ, ಸಾದಾದೇ ತೆಗೆ ಎಂದೆ. ಅವಳು ತಲೆ ಆಡಿಸಿ, ಹೊರಡುವವಳು ನಿಂತು ಹೇಳಿದಳು. "ನಿಮ್ಮನೆ ಅಕ್ಕ ಪುಣ್ಯ ಮಾಡಿ ಹುಟ್ಟಿದೋರು ಮಾಸ್ಟರ್. ರಾಣಿ ಹಂಗೆ ಕಪ್ಪಲಲ್ಲಿ ಕರ್ಕೊಂಡು ಹೋದ್ರಿ."

ಮೊದಲ ಸಲ ನಾನು ತಲೆ ಆಡಿಸಲಿಲ್ಲ. "ಅವಳಿಗೆ ಊಟ ಸೇರ್ತಾ ಇರಲಿಲ್ಲಮ್ಮ. ನಾನು ಬಯ್ದು ಬಯ್ದು ತಿನ್ನಿಸಿದೆ" ಎಂದೆ.

ಅವಳ ಕಣ್ಣು ತುಂಬಿತು. "ನಮ್ಮಪ್ಪನೂ ಹಂಗೇ ಮಾಸ್ಟರ್, ಬಯ್ದೇ ತಿನ್ನಿಸೋದು. ಪಾಸಂ ಇಲ್ದಿದ್ರೆ ಯಾರು ಬಯ್ತಾರೆ?"

ಪ್ರೀತಿ ಇಲ್ಲದಿದ್ದರೆ ಯಾರು ಬಯ್ಯುತ್ತಾರೆ ಎಂದು ಕೇಳುತ್ತಾಳೆ. ಸೆರಗಿನಿಂದ ಅವಲಕ್ಕಿ ಬಾಚಿದ್ದನ್ನು ಹೇಳಬೇಕಿತ್ತು. ಲಾಭದ ಮಾತನ್ನು ಹೇಳಬೇಕಿತ್ತು, ಅದು ಬಾಯಿಯವರೆಗೂ ಬಂದಿತ್ತು. ಅವಳು ಕಣ್ಣೊರೆಸಿಕೊಳ್ಳುತ್ತಾ ನನ್ನನ್ನೇ ನೋಡುತ್ತಿದ್ದಳು.

"ಹೂಂಮ್ಮ" ಎಂದೆ. ಬಟ್ಟೆಯನ್ನು ಹಾಸಿ, ಮಡಿಕೆ ಸರಿಮಾಡಿ, ಕತ್ತರಿಸತೊಡಗಿದೆ.