ಒಂದೇ ಕೋಶದ ಪದರ

ಅಕ್ಕ ಸಿದ್ದಾಪುರದಲ್ಲಿ ಹೊಲಿಗೆ ತರಗತಿ ನಡೆಸುತ್ತಿದ್ದಳು. ದಿನವೂ ಕೋಲಸಿರ್ಸಿಯಿಂದ ಬಸ್ಸಿನಲ್ಲಿ ಹೋಗಿಬರುವುದು. ತೊಂಬತ್ತರ ದಶಕದ ಕೊನೆಗೆ ಅವಳಿಗೆ ರಕ್ತಭೇದಿ ಶುರುವಾಯಿತು. ದಿನಕ್ಕೆ ಎಂಟು, ಹತ್ತು ಸಲ. ಮನೆಯವರು ಮೊದಲು ಉಷ್ಣವೆಂದರು, ಆಮೇಲೆ ಮೂಲವ್ಯಾಧಿಯೆಂದರು. ಒಂದು ವರ್ಷ ಒಂದೆಲಗದ ತಂಬುಳಿ ಉಣಿಸಿದರು. ಬಸ್ಸು ಹತ್ತುವ ಮುಂಚೆ ಏನನ್ನೂ ತಿನ್ನದಿರುವುದನ್ನು ಅವಳು ತಾನಾಗಿ ಕಲಿತುಕೊಂಡಳು. ನಾನು ಆಗ ಶಿರಸಿಯಲ್ಲಿ ಒಂದು ದಿನಪತ್ರಿಕೆಯ ವರದಿಗಾರ. ಅವಳನ್ನು ಹುಬ್ಬಳ್ಳಿಯ ಹೊಟ್ಟೆರೋಗದ ವೈದ್ಯರ ಬಳಿ ಕರೆದೊಯ್ದವನು ನಾನೇ.

ವೈದ್ಯರು ಕೊಳವೆ ಹಾಕಿ ನೋಡಿ, ದೊಡ್ಡ ಕರುಳಿನ ಉರಿಯೂತ ಎಂದರು. ಅವರು ಹೇಳಿದ್ದನ್ನು ನಾನು ಅಭ್ಯಾಸಬಲದಿಂದ ಬರೆದುಕೊಂಡೆ. ಕರುಳಿನ ಒಳಮೈಗೆ ಒಂದೇ ಜೀವಕೋಶದಷ್ಟು ದಪ್ಪದ ಪದರವಿದೆ. ಆ ಕೋಶಗಳು ಒಂದನ್ನೊಂದು ಬಿಗಿಯಾಗಿ ಹಿಡಿದು ನಿಂತಿವೆ. ಅವುಗಳ ಒಂದು ಬದಿಗೆ ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾ, ಇನ್ನೊಂದು ಬದಿಗೆ ದೇಹವನ್ನು ಕಾಯುವ ಕೋಶಗಳು.

"ಇದು ಬರೀ ಗೋಡೆ ಅಲ್ಲ" ಎಂದರು ವೈದ್ಯರು. "ಲೋಳೆ ಸುರಿಸೋದು ಇದೇ. ಆ ಕಡೆ ಯಾರಿದ್ದಾರೆ ಅಂತ ನೋಡಿ, ಈ ಕಡೆಯವರಿಗೆ ಸುಮ್ಮನಿರಿ ಅಂತ ಹೇಳೋದೂ ಇದೇ. ಪದರ ಹರಿದರೆ ಈ ಕಡೆಯವರು ದಂಗೆ ಏಳ್ತಾರೆ. ದಂಗೆಯಿಂದ ಪದರ ಇನ್ನಷ್ಟು ಹರಿಯುತ್ತೆ."

ಮಾತ್ರೆ ಬರೆದುಕೊಟ್ಟರು. ಅಕ್ಕನ ಮುಖ ನೋಡಿ ಎರಡೆರಡು ಸಲ ಹೇಳಿದರು: "ಆರಾಮಾದ ಮೇಲೂ ಬಿಡಬಾರದು. ಬಿಟ್ಟರೆ ದೊಡ್ಡ ಕರುಳನ್ನೇ ತೆಗೀಬೇಕಾಗಬಹುದು."

ನಾಲ್ಕು ತಿಂಗಳಲ್ಲಿ ರಕ್ತ ನಿಂತಿತು. ನಾನು ಆ ಟಿಪ್ಪಣಿಗಳನ್ನೇ ಲೇಖನ ಮಾಡಿ ಕಳಿಸಿದೆ. ಸುದ್ದಿಮನೆಯ ಮುಖ್ಯಸ್ಥರು ಫೋನ್ ಮಾಡಿದರು. ಧಾರವಾಡ ಕಡೆಯ ಮನುಷ್ಯ.

"ಬೆಳಿಗ್ಗೆ ಚಾ ಕುಡಿಯೋ ಮುಂದ ಕರುಳಿನ ಕಥಿ ಯಾರ್ ಓದ್ತಾರ್ರಿ? ನಿಮ್ಮ ಯಲ್ಲಾಪುರದ ಕಡೆ ಒಬ್ಬ ಅಜ್ಜ ಬೇರು ಕೊಡ್ತಾನಂತಲ್ಲ, ಅವನ್ನ ಬರೀರಿ. ಫೋಟೋ ಹಾಕೋಣು."

ಹೋದೆ. ಅಜ್ಜ ಮಿತಭಾಷಿ, ದುರಾಸೆಯವನಲ್ಲ. ಹೊಟ್ಟೆಹುಣ್ಣಿಗೂ ರಕ್ತಭೇದಿಗೂ ಒಂದು ಬೇರನ್ನು ಅರೆದು ಮಜ್ಜಿಗೆಯಲ್ಲಿ ಏಳು ಬೆಳಿಗ್ಗೆ ಕುಡಿಯಲು ಕೊಡುತ್ತಿದ್ದ. ಅವನದು ಎರಡು ಕಟ್ಟುಪಾಡು. ಬೇರೆ ಮದ್ದೆಲ್ಲ ಬಿಟ್ಟಿರಬೇಕು. ಮದ್ದು ಕುಡಿದ ಮೇಲೆ ಗುಣವಾಯಿತೋ ಇಲ್ಲವೋ ಎಂಬುದನ್ನು ಯಾರಿಗೂ, ಅವನಿಗೂ ಹೇಳಬಾರದು. ಹೇಳಿದರೆ ಬೇರಿನ ಶಕ್ತಿ ಹೋಗುತ್ತದೆ. ಎರಡನೆಯ ಕಟ್ಟುಪಾಡು ನನಗೆ ಬರಹಕ್ಕೆ ಬಣ್ಣ ತರುವ ಒಳ್ಳೆಯ ವಿವರವಾಗಿ ಕಂಡಿತು. ಅಂಗಳದ ಬೆಂಚಿನ ಮೇಲೆ ಕಾಯುತ್ತಿದ್ದವರನ್ನೆಲ್ಲ ಮಾತಾಡಿಸಿದೆ. ಎಲ್ಲರಿಗೂ ಗುಣವಾದ ಯಾರೋ ಒಬ್ಬರ ಸುದ್ದಿ ಗೊತ್ತಿತ್ತು. ಗುಣವಾದವರು ಒಬ್ಬರೂ ಅಲ್ಲಿರಲಿಲ್ಲ. ಗುಣವಾಗದವರೂ ಇರಲಿಲ್ಲ. ಯಾವ ಫಲಿತಾಂಶವೂ ಹಿಂದಿರುಗಿ ಬಾರದ ಮನೆಯೊಂದರ ಬಗ್ಗೆ ನಾನು ಅರ್ಧ ಪುಟ ಬರೆದೆ. ಎರಡು ಕಟ್ಟುಪಾಡುಗಳನ್ನೂ ತಪ್ಪಿಲ್ಲದೆ ದಾಖಲಿಸಿದೆ. ಫೋಟೋ ದೊಡ್ಡದಾಗಿ ಬಂತು.

ಅದು ಅಚ್ಚಾಗಿ ಒಂದು ತಿಂಗಳಿಗೆ ಕೋಲಸಿರ್ಸಿಗೆ ಹೋದಾಗ ಅಕ್ಕನ ಕಪಾಟಿನಲ್ಲಿ ಮಾತ್ರೆಯ ಪೊಟ್ಟಣಗಳು ಒಡೆಯದೆ ಇದ್ದವು.

"ಇದೆಂತ?"

"ಮೂರು ವಾರ ಆತು ಬಿಟ್ಟು. ಬೇರು ಕುಡದ್ದಾತು. ಗುಣ ಆತ ಇಲ್ಯ ಕೇಳಡ, ಹೇಳಲಾಗ."

"ಯಾರು ಹೇಳಿದ್ದು ನಿಂಗೆ?"

ಅವಳು ನಕ್ಕಳು. "ಶಿರಸಿಯ ದೊಡ್ಡ ಪತ್ರಕರ್ತರೊಬ್ಬರು ಬರದಿದ್ರಪ್ಪ. ಊರಿಗೆಲ್ಲ ಹೇಳ್ದೆ, ಅಕ್ಕಂಗೊಂದು ಹೇಳಲಾಗ್ತಿತ್ತಿಲ್ಯನ ತಮಾ?"

ಜಗಳವಾಡಿದೆ. ಬೇಕಾದಷ್ಟು ಆಡಲಿಲ್ಲ. ಅವಳ ಮೈ ತುಂಬಿಕೊಂಡಿತ್ತು, ಊಟ ಸೇರುತ್ತಿತ್ತು. ಮಾತ್ರೆಯ ಗುಣ ಇನ್ನೂ ಉಳಿದಿರುವುದೇ ಅದಕ್ಕೆ ಕಾರಣವಿರಬಹುದೆಂದು ನನಗೆ ಹೊಳೆಯಿತು. ಆದರೂ ಅಜ್ಜನ ಬೇರು ನಿಜವಾಗಿರಲಿ ಎಂಬ ಆಸೆ ನನಗಿತ್ತು. ನಿಜವಾದರೆ ನನ್ನ ಬರಹವೂ ನಿಜವಾಗುತ್ತಿತ್ತು.

ರಕ್ತ ಮತ್ತೆ ಶುರುವಾದಾಗ ಅವಳು ಯಾರಿಗೂ ಹೇಳಲಿಲ್ಲ. ಹೇಳಬಾರದೆಂಬ ಕಟ್ಟುಪಾಡಿತ್ತಲ್ಲ. ಹದಿನೈದು ದಿನ ಹಾಗೇ ತರಗತಿಗೆ ಹೋದಳು. ಒಂದು ಮಧ್ಯಾಹ್ನ ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟವಳು ಏಳಲಿಲ್ಲ. ಹುಬ್ಬಳ್ಳಿ ಮುಟ್ಟುವ ಹೊತ್ತಿಗೆ ಜ್ವರ ಏರಿತ್ತು, ಹೊಟ್ಟೆ ಉಬ್ಬಿ ಕಲ್ಲಿನಂತಾಗಿತ್ತು. ಅದೇ ವೈದ್ಯರು ಮುಟ್ಟಿ ನೋಡಿ, ಇನ್ನು ಕಾಯುವಂತಿಲ್ಲ, ದೊಡ್ಡ ಕರುಳು ತೆಗೆಯಲೇಬೇಕು ಎಂದರು.

"ಮಾತ್ರೆ ಯಾಕಮ್ಮ ಬಿಟ್ಟಿರಿ? ಯಾರು ಹೇಳಿದರು?"

ನಾನು ಮಂಚದ ಪಕ್ಕದಲ್ಲೇ ನಿಂತಿದ್ದೆ. ಬಾಯಿ ತೆರೆದೆ. ಅಕ್ಕ ನನಗಿಂತ ಮೊದಲು ಮಾತಾಡಿದಳು.

"ಯಾರೂ ಹೇಳಿಲ್ಲ. ಆರಾಮಾಗಿತ್ತು, ನಾನೇ ಬಿಟ್ಟೆ."

ವೈದ್ಯರು ಅದನ್ನು ಕೇಸ್ ಹಾಳೆಯಲ್ಲಿ ಬರೆದುಕೊಂಡರು. ತಲೆಕೆಳಗಾದ ಬರಹವನ್ನು ಓದುವುದು ನಮ್ಮ ಕಸುಬಿನಲ್ಲಿ ಎಲ್ಲರಿಗೂ ಬರುತ್ತದೆ. ರೋಗಿ ಸ್ವಂತ ನಿರ್ಧಾರದಿಂದ ಔಷಧ ನಿಲ್ಲಿಸಿದ್ದಾರೆ, ಎಂದಿತ್ತು.

ಅವರು ಹೊರಗೆ ಹೋದ ಮೇಲೆ ನಾನು ಬಾಗಿಲ ಕಡೆ ಹೊರಟೆ. "ಹೋಗಿ ನಿಜ ಹೇಳ್ತೆ."

"ಕೂತ್ಕ ಸುಮ್ನೆ" ಎಂದಳು ಅಕ್ಕ, ಕಣ್ಣು ತೆರೆಯದೆ. "ನೀ ಹೇಳಿದ್ರೆ ಕರುಳು ಉಳೀತಾ?"

ನಾನು ಕೂತೆ. ಸ್ವಲ್ಪ ಹೊತ್ತಿಗೆ ದಾದಿ ಒಪ್ಪಿಗೆಯ ಹಾಳೆ ತಂದು, ರೋಗಿಯ ಕಡೆಯವರು ಯಾರೆಂದು ಕೇಳಿದಳು. ಸಹಿ ಮಾಡಿದೆ.