ಅಪ್ಪನ ಕಿವಿಗೆ ಅತ್ತಿಗೆಯ ಕೋಡ್

ನಮ್ಮ ಅತ್ತಿಗೆ ಹಿಡಿದ ಕೆಲಸ ಬಿಡುವ ಜಾಯಮಾನದವಳಲ್ಲ. ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ ಶ್ರವಣಯಂತ್ರ ಮಾಡುವ ಒಂದು ಸಣ್ಣ ಕಂಪನಿಗೆ ಪ್ರೋಗ್ರಾಮರ್ ಆಗಿ ಸೇರಿದಳು. ಅವಳು ಮದುವೆಯಾಗಿ ಬರುವ ಹೊತ್ತಿಗೇ ನಮ್ಮಪ್ಪನ ಕಿವಿ ಮಂದವಾಗಿತ್ತು. ಮನೆಯಲ್ಲಿ ನಾವೆಲ್ಲ ಅವರೊಂದಿಗೆ ಕಿರುಚಿಯೇ ಮಾತಾಡುವುದು. ಈಚೆಗಂತೂ ಅವರು ಮಾತೇ ಬಿಟ್ಟಿದ್ದರು.

ತಾನು ಕೋಡ್ ಬರೆದ ಮೊದಲ ಯಂತ್ರವನ್ನು ಅತ್ತಿಗೆ ಅಪ್ಪನಿಗೇ ತಂದು ಹಾಕಿದಳು. ಅವಳು ಬಾಯಿ ತೆರೆಯುವ ಮೊದಲೇ ಅಡುಗೆಮನೆಯಲ್ಲಿ ಮಿಕ್ಸಿ ಗರ್ರೆಂದಿತು. ಅಪ್ಪ ಬೆಚ್ಚಿಬಿದ್ದು ಯಂತ್ರ ಕಿತ್ತಿಟ್ಟರು.

"ಬೇಡಮ್ಮ. ಕಿವಿ ಕೇಳ್ದೆ ಇದ್ರೇ ನೆಮ್ಮದಿ."

ಗದ್ದಲವನ್ನು ತಾನಾಗಿ ತಗ್ಗಿಸಿ ಎದುರಿನವರ ಮಾತನ್ನು ಎತ್ತಿಕೊಡಬೇಕಿದ್ದ ಯಂತ್ರವದು. ಅತ್ತಿಗೆಯ ಕಂಪ್ಯೂಟರಿನಲ್ಲಿ ಪರೀಕ್ಷಿಸಿದಾಗ ಆ ಪ್ರೋಗ್ರಾಮ್ ಚಾಚೂ ತಪ್ಪದೆ ಹಾಗೇ ಮಾಡುತ್ತಿತ್ತಂತೆ. ನನಗೆ ರೇಗಿತು. ಕಂಪ್ಯೂಟರಿಗೇನು, ಕಿವಿ ನೋಯುತ್ತದೆಯೇ? ಅಪ್ಪನ ಕೈಕಾಲು ಹಿಡಿದು ಇನ್ನೊಂದೇ ಒಂದು ಸಲಕ್ಕೆ ಒಪ್ಪಿಸಿದೆವು. ಅದೂ ಕೆಟ್ಟರೆ ಅವರು ಜನ್ಮದಲ್ಲಿ ಹಾಕಿಕೊಳ್ಳುವವರಲ್ಲ. ಆ ಹಟ ನನಗೆ ಗೊತ್ತು, ನನಗೂ ಅದೇ ಬಂದಿದೆ.

ಆ ವಾರವೆಲ್ಲ ಅತ್ತಿಗೆ ಊಟ ತಿಂಡಿ ಮರೆತು ಕೂತಳು. ಭಾನುವಾರ ಬೆಳಿಗ್ಗೆ ಹಣೆ ಚಚ್ಚಿಕೊಂಡು ನಕ್ಕಳು.

"ನನ್ನ ಪ್ರೋಗ್ರಾಮಲ್ಲಿ ಮಾವನ ಹೆಸರಿನ ಒಂದು ಆಬ್ಜೆಕ್ಟ್ ಇದೆ, ಒಂದು ಗಂಟು ಅಂದ್ಕೋ. ಅದ್ರಲ್ಲಿ ಅವ್ರ ಕಿವಿ ಅಳತೆನೂ ಇದೆ, ಗದ್ದಲ ಬಂದ್ರೆ ಏನ್ ಮಾಡ್ಬೇಕು ಅನ್ನೋ ಬುದ್ಧಿನೂ ಇದೆ. ಆದ್ರೆ ಯಂತ್ರಕ್ಕೆ ಕಳಿಸಿದ್ದು ಅದನ್ನ ಜೇಸನ್ ಅನ್ನೋ ರೂಪಕ್ಕೆ ಇಳಿಸಿ. ಅದು ಬರೀ ಬರಹ. ಅಂಕಿ, ಅಕ್ಷರ, ಹೌದು, ಅಲ್ಲ, ಇಷ್ಟೇ. ಬುದ್ಧಿನ ಅದು ಹೊರಲ್ಲ."

"ಹೊರಲ್ಲ ಅಂತ ಬಾಯ್ಬಿಟ್ಟು ಹೇಳ್ಬಾರ್ದಾ?" ಎಂದೆ ನಾನು.

"ಹೇಳಲ್ಲ, ಸದ್ದಿಲ್ದೆ ಬಿಟ್ಟು ಹೋಗುತ್ತೆ. ದರ್ಜಿಗೆ ಅಳತೆ ಬರ್ದು ಕಳಿಸಿದ್ರೆ, ಹೊಲಿಯೋ ಕೈ ಜೊತೇಲಿ ಹೋಗುತ್ತಾ? ಆ ಕಡೆನೂ ಒಬ್ಬ ದರ್ಜಿ ಇರ್ಬೇಕು. ಅವನನ್ನ ಕೂರಿಸೋದೇ ನಾನು ಮರ್ತಿದ್ದೆ."

"ಮತ್ತೆ ಆ ಜೇಸನ್ ಯಾಕೆ ಬೇಕು?"

"ನನ್ನ ಪ್ರೋಗ್ರಾಮಿಂದು ಒಂದು ಭಾಷೆ, ಯಂತ್ರದ್ದು ಇನ್ನೊಂದು. ಬರೀ ಬರಹ ಆದ್ರೆ ಎರಡೂ ಓದ್ತಾವೆ."

ಅವತ್ತೇ ಆ ಬುದ್ಧಿಯನ್ನು ಯಂತ್ರದೊಳಗೇ ಬರೆದಿಟ್ಟಳು. ಅಳತೆ ಬಂದು ತಲುಪಿದ ಮೇಲೆ ಅಪ್ಪನ ಆಬ್ಜೆಕ್ಟನ್ನು ಅಲ್ಲೇ ಹೊಸದಾಗಿ ಕಟ್ಟಿಕೊಳ್ಳಬೇಕು, ಅಷ್ಟೇ.

ಮಧ್ಯಾಹ್ನ ಅಪ್ಪ ಮುಖ ಗಂಟಿಕ್ಕಿಕೊಂಡೇ ಯಂತ್ರ ಹಾಕಿಕೊಂಡರು. ನಾನು ಮಿಕ್ಸಿ ಹಾಕಿದೆ. ಅಪ್ಪ ಕೂತಲ್ಲಿಂದ ಕದಲಲಿಲ್ಲ.

ಅತ್ತಿಗೆ ಮೆಲ್ಲಗೆ ಕೇಳಿದಳು, "ಮಾವ, ನೀರು ಕೊಡ್ಲಾ?"

"ಇನ್ನೊಂದ್ಸಲ ಹೇಳಮ್ಮ."

ಅತ್ತಿಗೆಯ ಮುಖ ಬಾಡಿತು. ಅಪ್ಪ ತಲೆಯಾಡಿಸಿದರು.

"ಕೇಳಿಸ್ತಮ್ಮ. ಇಷ್ಟು ವರ್ಷ ನಿನ್ನ ಕೂಗು ಕೇಳಿದ್ದೆ. ದನಿ ಕೇಳಿದ್ದು ಇವತ್ತೇ."