ಮೆತ್ತೆ ಮೇಷ್ಟ್ರ ತಣ್ಣನೆಯ ಪಾದ

ಮೆತ್ತೆ ಮೇಷ್ಟ್ರು ಶಾಲೆಗೆ ಹೋದದ್ದು ಐದನೆಯ ತರಗತಿಯವರೆಗೆ ಮಾತ್ರ. ಅದರಲ್ಲೂ ಅರ್ಧ ಕಾಲ ಬಾಗಿಲಾಚೆ ಕಿವಿ ಹಿಡಿದು ನಿಂತಿದ್ದರು. ಆದರೂ ಊರೆಲ್ಲ ಅವರನ್ನು ಮೇಷ್ಟ್ರು ಎಂದೇ ಕರೆಯುತ್ತಿತ್ತು. ಅವರ ಅಂಗಡಿಗೆ ಹಾಸಿಗೆ ಹೊಲಿಸಲು ಹೋದವರು ಮೊದಲು ಪಾಠ ಕೇಳಬೇಕು, ಆಮೇಲೆ ಅಳತೆ ಕೊಡಬೇಕು. ಹುಬ್ಬಿಗೆ ಅಂಟಿದ ಹತ್ತಿಯ ಎಳೆ, ಅಂಗಿಯ ಕಾಲರಿಗೆ ಚುಚ್ಚಿಕೊಂಡ ಗೇಣುದ್ದದ ಸೂಜಿ, ಎರಡು ಬೆರಳ ನಡುವೆ ಎತ್ತಿ ತೋರಿಸುವ ಒಂದು ಚಿಟಿಕೆ ಹತ್ತಿ. ಬೀಜ ಉಳಿದ ಹತ್ತಿ ಯಾವುದು, ಹಳೆಯದನ್ನು ಬಿಡಿಸಿ ಹೊಸದೆಂದು ಮಾರುವ ಕಳ್ಳರು ಯಾರು, ಎಲ್ಲವೂ ಪಾಠದಲ್ಲಿ ಬರುತ್ತಿತ್ತು. ಕೊನೆಗೆ ಎದೆ ತಟ್ಟಿಕೊಂಡು ಹೇಳುತ್ತಿದ್ದರು: "ನಾನು ಮನೇಲಿ ಮಲಗೋದು ಯಾವ ಹಾಸಿಗೆ ಮೇಲೋ, ನಿಮಗೆ ಕೊಡೋದೂ ಅದೇ."

ಮೂವತ್ತು ವರ್ಷದ ಈ ಮಾತು ಕಳೆದ ಮೂರು ವರ್ಷಗಳಿಂದ ಹಸಿ ಸುಳ್ಳಾಗಿತ್ತು. ಮೇಷ್ಟ್ರು ಮಲಗುತ್ತಿದ್ದುದು ಹಿತ್ತಿಲಲ್ಲಿ, ಜೋಲಿಯಲ್ಲಿ.

ತಪ್ಪು ಹಾಸಿಗೆಯದಲ್ಲ, ಸೊಂಟದ್ದು. ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಹೊಲಿದು ಹೊಲಿದು ಒಂದು ಬೆಳಗ್ಗೆ ಅದು ಹಿಡಿದುಕೊಂಡಿತು. ಮಲಗಿದವರನ್ನು ಏಳಿಸಲು ಇಬ್ಬರು ಬೇಕಾದರು. ಅದೇ ದಿನಗಳಲ್ಲಿ ಪಕ್ಕದ ಮನೆಯ ಮಕ್ಕಳ ಹಗ್ಗದ ಜೋಲಿಯಲ್ಲಿ ಸುಮ್ಮನೆ ನೋಡೋಣ ಎಂದು ಒರಗಿದ ಮೇಷ್ಟ್ರು ಎದ್ದದ್ದು ದೀಪ ಹಚ್ಚುವ ಹೊತ್ತಿಗೆ, ಅದೂ ಯಾರ ಕೈ ಹಿಡಿಯದೆ. ಮರುದಿನವೇ ಒಂದು ಜೋಲಿ ತಂದರು. ಮೊದಲು ಮನೆಯೊಳಗೇ ಕಟ್ಟಿದ್ದರು. ಕೊಕ್ಕೆ, ಕೊಕ್ಕೆಯ ಜೊತೆ ಗೋಡೆಯ ಗಾರೆ, ಗಾರೆಯ ಜೊತೆ ಮೇಷ್ಟ್ರು, ಮೂರೂ ಒಟ್ಟಿಗೆ ಕೆಳಗೆ ಬಂದ ಮೇಲೆ ಜೋಲಿ ಹಿತ್ತಿಲಿಗೆ ಹೋಯಿತು. ಒಂದು ತುದಿ ಮರಕ್ಕೆ, ಇನ್ನೊಂದು ನೀರಿನ ತೊಟ್ಟಿಯ ಕಬ್ಬಿಣದ ಕಂಬಕ್ಕೆ. ಸುತ್ತ ಎತ್ತರದ ಗೋಡೆ ಇತ್ತು, ಪುಣ್ಯ.

"ಯಾರ ಹತ್ರಾನೂ ಬಾಯಿ ಬಿಡಬೇಡ," ಎಂದು ಹೆಂಡತಿಗೆ ಕಟ್ಟಪ್ಪಣೆಯಾಯಿತು. "ತಾನು ಮಾಡಿದ ಅಡುಗೆ ತಾನೇ ಉಣ್ಣದ ಅಡುಗೆಯವನನ್ನ ಯಾರು ಕರೀತಾರೆ? ಅಂಗಡಿಗೆ ಬೀಗ ಹಾಕಬೇಕಾಗುತ್ತೆ."

"ಐವತ್ತಾರು ವರ್ಷದ ಮಗುನ ಜೋಲೀಲಿ ಹಾಕಿದೀನಿ ಅಂತ ಯಾರಿಗೆ ಹೇಳ್ಲಿ? ನಂಗೇ ನಾಚಿಕೆ," ಎಂದರು ಆಕೆ.

ಎರಡು ಚಳಿಗಾಲ ಹೇಗೋ ಕಳೆಯಿತು. ಮೂರನೆಯದು ಬಂದದ್ದೇ ಹಲ್ಲು ಕಡಿಯುತ್ತ. ಮೈಯೆಲ್ಲ ಬೆಚ್ಚಗಿದ್ದರೂ ಪಾದಗಳು ಮಾತ್ರ ಮಂಜುಗಡ್ಡೆ. ಮೇಷ್ಟ್ರು ಒಂದರ ಮೇಲೊಂದು ಮೂರು ಜೊತೆ ಕಾಲುಚೀಲ ಹಾಕಿದರು. ಬಿಗಿತಕ್ಕೆ ಬೆರಳುಗಳು ಜೋಮು ಹಿಡಿದವು. ರಬ್ಬರಿನ ಚೀಲದಲ್ಲಿ ಬಿಸಿನೀರು ತುಂಬಿ ಕಾಲ ಬಳಿ ಇಟ್ಟುಕೊಂಡರು. ಮುಚ್ಚಳ ಸಡಿಲವಾಗಿ ಜೋಲಿ ತೊಟ್ಟಿಕ್ಕಿತು, ಅದನ್ನು ಹೆಂಡತಿ ಬೇರೇನೋ ಎಂದುಕೊಂಡು ಎರಡು ದಿನ ಮರುಕದಿಂದ ನೋಡಿದರು. ಕೊನೆಗೆ ತಮ್ಮ ಕೈಯಾರೆ ನಾಲ್ಕು ಬೆರಳು ದಪ್ಪದ ರಜಾಯಿ ಹೊಲಿದು, ಜೋಲಿಯೊಳಗೆ ಹಾಸಿ, ಅರ್ಧ ಕೆಳಗೆ ಅರ್ಧ ಮೇಲೆ ಮಾಡಿಕೊಂಡು ಮಲಗಿದರು. ಮೇಲಿನಿಂದ ಬೆಚ್ಚಗಾಯಿತು. ಕೆಳಗಿನಿಂದ ಚಳಿ ಹಿಮ್ಮಡಿಯನ್ನು ಹಿಡಿದು ಕಚ್ಚಿತು.

ಬೆಳಗ್ಗೆ ಕುಂಟುತ್ತ ಅಂಗಡಿಗೆ ಬರುವ ಮೇಷ್ಟ್ರನ್ನು ಪಕ್ಕದ ಕ್ಷೌರಿಕ ನೋಡಿದ. ಊರಿನ ಗಲ್ಲಗಳ ಜೊತೆ ಊರಿನ ಸುದ್ದಿಯನ್ನೂ ನುಣ್ಣಗೆ ಮಾಡುವ ಮನುಷ್ಯ ಅವನು. "ಡಾಕ್ಟರಿಗೆ ತೋರಿಸಿ ಮೇಷ್ಟ್ರೇ, ಕಾಲು ಅಂದ್ರೆ ಆಟ ಅಲ್ಲ," ಎಂದು ದಿನಕ್ಕೆ ನಾಲ್ಕು ಸಲ ಹೇಳಿದ. ಕೊನೆಗೆ ಹೆಂಡತಿಯೇ ಎಳೆದುಕೊಂಡು ಹೋದರು.

ಡಾಕ್ಟರ ಕೋಣೆಗೂ ರೋಗಿಗಳ ಬೆಂಚಿಗೂ ನಡುವೆ ಇದ್ದದ್ದು ಒಂದು ಪರದೆ. ಬೆಂಚಿನ ಮೇಲೆ ಕೂತವರಲ್ಲಿ ನಾಲ್ವರು ಮೇಷ್ಟ್ರ ಗಿರಾಕಿಗಳು, ಐದನೆಯವನು ಕ್ಷೌರಿಕ. ಅವನಿಗೆ ಅಂದೇ ಕೆಮ್ಮು ಬಂದಿತ್ತು.

"ರಾತ್ರಿ ಎಲ್ಲಿ ಮಲಗ್ತೀರಿ?" ಎಂದು ಡಾಕ್ಟರು ಕೇಳಿದರು.

ಮೇಷ್ಟ್ರ ಕಿವಿ ಪರದೆಯ ಕಡೆ ನೆಟ್ಟಗಾಯಿತು. "ಎಲ್ಲಿ ಅಂದ್ರೆ? ಒಳಗೆ! ನನ್ನ ಹಾಸಿಗೆ ಮೇಲೆ!" ಎಂದು ಅಗತ್ಯಕ್ಕಿಂತ ಜೋರಾಗಿ ಹೇಳಿದರು. ಹೆಂಡತಿ ಬಾಯಿ ತೆರೆದರು. ಗಂಡನ ಕಣ್ಣು ನೋಡಿ ಮುಚ್ಚಿದರು.

"ಕಿಟಕಿ ಹಾಕಿರುತ್ತಾ?"

"ಹಾಕಿರುತ್ತೆ."

ಡಾಕ್ಟರ ಮುಖ ಗಂಭೀರವಾಯಿತು. ಮುಚ್ಚಿದ ಕೋಣೆ, ದಪ್ಪ ಹಾಸಿಗೆ, ಮೇಲೆ ರಜಾಯಿ. ಆದರೂ ಕಾಲು ತಣ್ಣಗೆ ಎಂದರೆ ರಕ್ತ ಅಲ್ಲಿಯವರೆಗೆ ಹೋಗುತ್ತಿಲ್ಲ ಎಂದೇ ಅರ್ಥ. ಅವರು ಒಂದು ಹಾಳೆಯ ತುಂಬ ಪರೀಕ್ಷೆಗಳನ್ನು ಬರೆದರು. ಹೆಂಡತಿಯ ಕಡೆ ತಿರುಗಿ, "ರಾತ್ರಿ ಮೂರು ಸಲ ಎದ್ದು ಪಾದ ಮುಟ್ಟಿ ನೋಡಿ. ಬಣ್ಣ ಬದಲಾಗಿದ್ರೆ ತಕ್ಷಣ ಕರ್ಕೊಂಡು ಬನ್ನಿ," ಎಂದರು. ದಾರಿಯಲ್ಲಿ ಮೇಷ್ಟ್ರು ಬಿದ್ದು ಬಿದ್ದು ನಕ್ಕರು. "ಸುಳ್ಳು ಹೇಳಿದ್ದು ನಾನು, ಹೆದರಿದ್ದು ಡಾಕ್ಟರು. ನೀನೇನೂ ಎದ್ದುಗಿದ್ದು ನೋಡಬೇಡ." ಆಕೆ ನಗಲಿಲ್ಲ.

ಮೇಷ್ಟ್ರ ನಗು ಮೂರು ದಿನ ಬಾಳಿತು. ನಾಲ್ಕನೆಯ ದಿನ ಒಬ್ಬಾಕೆ ಕಳೆದ ತಿಂಗಳು ಹೊಲಿಸಿಕೊಂಡ ಹಾಸಿಗೆಯನ್ನು ಕೈಗಾಡಿಯಲ್ಲಿ ಹೇರಿಕೊಂಡು ಬಂದು, "ಹೊಲಿಗೆ ಬಿಚ್ಚಿ. ಒಳಗೆ ಏನು ತುಂಬಿದೀರಿ ನೋಡಬೇಕು," ಎಂದಳು. ಮೇಷ್ಟ್ರು ದಂಗಾದರು. ವಿಷಯ ಸರಳವಾಗಿತ್ತು. ಕ್ಷೌರಿಕನ ಕುರ್ಚಿಯಿಂದ ಹೊರಟ ಸುದ್ದಿಗೆ ರೆಕ್ಕೆಪುಕ್ಕ ಬಂದಿತ್ತು: ಮೇಷ್ಟ್ರು ಸ್ವಂತ ಹಾಸಿಗೆ ಮೇಲೇ ಮಲಗ್ತಾರಂತೆ, ಕಿಟಕಿ ಬೇರೆ ಹಾಕಿರ್ತಾರಂತೆ, ಆದರೂ ಕಾಲು ಹೆಪ್ಪುಗಟ್ಟಿದೆಯಂತೆ! ಹಾಗಾದರೆ ಅದು ಹತ್ತಿಯೋ, ಹೊಟ್ಟೋ? ಹಾಸಿಗೆಯ ಮಾನ ಉಳಿಸಲು ಹೇಳಿದ ಸುಳ್ಳು ಹಾಸಿಗೆಯ ಬುಡಕ್ಕೇ ಬಂದಿತ್ತು. ನಿಜ ಹೇಳಿದರೆ ಮೇಷ್ಟ್ರು ಸುಳ್ಳುಗಾರ, ಹೇಳದಿದ್ದರೆ ಮೋಸಗಾರ. ಅತ್ತ ದರಿ, ಇತ್ತ ಪುಲಿ.

ಸಾಲದ್ದಕ್ಕೆ ಬೆಕ್ಕಿನ ಕಾಟ. ಎಷ್ಟೇ ಬಿಗಿಯಾಗಿ ಸುತ್ತಿಕೊಂಡು ಮಲಗಿದರೂ ಬೆಳಗ್ಗೆ ಏಳುವಾಗ ರಜಾಯಿ ಪಾದದ ಹತ್ತಿರ ತೆರೆದು ಬಿದ್ದಿರುತ್ತಿತ್ತು. "ಆ ಹಾಳು ಬೆಕ್ಕು ಬೆಚ್ಚಗಿರೋಕೆ ಅಂತ ಒಳಗೆ ನುಗ್ಗುತ್ತೆ," ಎಂದು ಬೈದು, ಮಲಗುವ ಮುಂಚೆ ಜೋಲಿಯ ಕೆಳಗೆ ಒಂದು ಕೋಲು ಇಟ್ಟುಕೊಂಡರು. ಹೆಂಡತಿ ಈಚೆಗೆ ಒಲೆಯ ಮುಂದೆ ನಿಂತಲ್ಲೇ ತೂಕಡಿಸುತ್ತಿದ್ದರು. ಹಾಲು ಎರಡು ಸಲ ಉಕ್ಕಿಹೋಗಿತ್ತು. ಮೇಷ್ಟ್ರು ಅದನ್ನು ಗಮನಿಸಲಿಲ್ಲ. ಊರಿಗೆಲ್ಲ ನಿದ್ದೆ ಹಂಚುವವರಿಗೆ ಮನೆಯವರ ನಿದ್ದೆಯ ಲೆಕ್ಕ ಇರುವುದಿಲ್ಲ.

ಹನ್ನೆರಡನೆಯ ದಿನ ಲಾಡ್ಜಿನ ಸಾಹುಕಾರರು ಬಂದರು. ಚಳಿಗಾಲಕ್ಕೆಂದು ಮೂವತ್ತು ಹಾಸಿಗೆ ಹೇಳಿಟ್ಟಿದ್ದವರು. ಮಾದರಿಗೆ ಹೊಲಿದ ಮೊದಲನೆಯದು ಅಂಗಡಿಯ ನಡುವೆ ಉಬ್ಬಿಕೊಂಡು ಬಿದ್ದಿತ್ತು. ಅವರ ಹಿಂದೆಯೇ ಕ್ಷೌರಿಕ, ಅವನ ಹಿಂದೆ ಅರ್ಧ ಗಲ್ಲ ನೊರೆಯಲ್ಲಿದ್ದ ಗಿರಾಕಿ. ಮೇಷ್ಟ್ರಿಗೆ ಮಧ್ಯಾಹ್ನದ ಬುತ್ತಿ ತಂದಿದ್ದ ಹೆಂಡತಿ ಬಾಗಿಲ ಬಳಿ ನಿಂತಿದ್ದರು.

"ನೋಡಿ ಮೇಷ್ಟ್ರೇ, ಸುತ್ತಿ ಬಳಸಿ ಮಾತಾಡೋನಲ್ಲ ನಾನು," ಎಂದರು ಸಾಹುಕಾರರು. "ನಿಮ್ಮ ಹಾಸಿಗೇಲಿ ಮಲಗಿ ನಿಮ್ಮ ಕಾಲೇ ಹೀಗಾದ್ರೆ, ನನ್ನ ಲಾಡ್ಜಿಗೆ ಬಂದೋರ ಗತಿ ಏನು? ಒಂದೋ ನಿಮ್ಮ ಹತ್ತಿ ಸರಿಯಿಲ್ಲ, ಇಲ್ಲ ನಿಮ್ಮ ರಕ್ತ ಸರಿಯಿಲ್ಲ. ಯಾವುದು ಹೇಳಿಬಿಡಿ."

ರಕ್ತ ಸರಿಯಿಲ್ಲ ಎಂದುಬಿಟ್ಟರೆ ಎಲ್ಲ ಮುಗಿಯುತ್ತಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ಮೇಷ್ಟ್ರು ಕಣ್ಣೆತ್ತಿದಾಗ ಕಂಡದ್ದು ಹೆಂಡತಿಯ ಮುಖ. ರಕ್ತ ಎಂಬ ಮಾತು ಕೇಳಿದ್ದಕ್ಕೇ ಅದು ಬಿಳಿಚಿಕೊಂಡಿತ್ತು.

"ಎರಡೂ ಸರಿಯಾಗಿದೆ," ಎಂದರು ಮೇಷ್ಟ್ರು. "ನಾನು ಹಾಸಿಗೆ ಮೇಲೆ ಮಲಗಿ ಮೂರು ವರ್ಷ ಆಯ್ತು. ಸೊಂಟ ನೋವು. ಹಿತ್ತಿಲಲ್ಲಿ ಜೋಲಿ ಕಟ್ಟಿ, ಒಳಗೆ ರಜಾಯಿ ಹಾಸ್ಕೊಂಡು ಮಲಗ್ತೀನಿ. ಹಾಸಿಗೇದೇನೂ ತಪ್ಪಿಲ್ಲ. ಸುಳ್ಳು ಹೇಳಿದ್ದು ನಾನು."

ನೊರೆಯ ಗಿರಾಕಿ ಕಿಸಕ್ಕನೆ ನಕ್ಕ. ಕ್ಷೌರಿಕ ನಗಲಿಲ್ಲ, ಇಂಥ ಸುದ್ದಿ ತನ್ನ ಪಕ್ಕದಲ್ಲೇ ಮೂರು ವರ್ಷ ಬಚ್ಚಿಟ್ಟುಕೊಂಡಿತ್ತಲ್ಲ ಎಂಬ ದುಃಖದಲ್ಲಿದ್ದ.

"ಹಾಗಾದ್ರೆ ಆ ಹಾಸಿಗೆ ಮೇಲೆ ಯಾರು ಮಲಗ್ತಾರೆ?"

"ನಾನು," ಎಂದರು ಬಾಗಿಲ ಬಳಿಯಿಂದ ಹೆಂಡತಿ.

ಸಾಹುಕಾರರು ಅವರ ಕಡೆ ತಿರುಗಿದರು. "ಅಮ್ಮ, ನೀವೇ ಹೇಳಿ. ನಿದ್ದೆ ಹೇಗೆ ಬರುತ್ತೆ?"

ಮೇಷ್ಟ್ರ ಮೂವತ್ತು ವರ್ಷದ ಹೆಸರು ಆಗ ಆಕೆಯ ಬಾಯಲ್ಲಿತ್ತು. ಆಕೆ ಬುತ್ತಿಯ ಡಬ್ಬಿ ಕೆಳಗಿಟ್ಟು, ನಿಲ್ಲಲಾರದೆ ಮಾದರಿ ಹಾಸಿಗೆಯ ಅಂಚಿಗೆ ಕೂತರು.

"ಹನ್ನೆರಡು ದಿನದಿಂದ ನಿದ್ದೇನೇ ಮಾಡಿಲ್ಲಪ್ಪ."

ಸಾಹುಕಾರರು ತಿರುಗಿ ಮೇಷ್ಟ್ರನ್ನು ನೋಡಿದರು. ಆಕೆ ಮುಂದುವರಿಸಿದರು.

"ರಾತ್ರಿ ಮೂರು ಸಲ ಎದ್ದು ಕಾಲು ಮುಟ್ಟಿ ನೋಡಿ ಅಂದ್ರಲ್ಲ ಡಾಕ್ಟರು. ಇವರು ಬೇಡ ಅಂದ್ರು. ಇವರ ಮಾತು ಕಟ್ಕೊಂಡು ಕೂರೋಕಾಗುತ್ತಾ? ನಮ್ಮಪ್ಪಂಗೂ ಮೊದಲು ತಣ್ಣಗಾಗಿದ್ದು ಕಾಲೇ. ಬ್ಯಾಟರಿ ಹಿಡ್ಕೊಂಡು ಹೋಗಿ, ರಜಾಯಿ ತೆಗೆದು ಮುಟ್ತೀನಿ. ಪ್ರತಿ ಸಲಾನೂ ತಣ್ಣಗೇ ಇರುತ್ತೆ. ನಂಗೆ ಹೆದರಿಕೆಯಾಗಿ ಓಡಿ ಬಂದು ಕೂತುಬಿಡ್ತೀನಿ."

"ಮತ್ತೆ ಮುಚ್ಚೋದು?" ಎಂದರು ಮೇಷ್ಟ್ರು.

ಆಕೆ ಗಂಡನನ್ನು ನೋಡಿದರು. "ಹೆದರಿಕೇಲಿ ಅದೆಲ್ಲ ಯಾರಿಗೆ ಜ್ಞಾಪಕ ಇರುತ್ತೆ?"

"ಆ ಬೆಕ್ಕು ನೀನೇನಾ!"

ಅಂಗಡಿಯೆಲ್ಲ ನಗುವಾಯಿತು. ಸಾಹುಕಾರರು ಕಣ್ಣೊರೆಸಿಕೊಂಡು, "ಅಲ್ಲ ಮೇಷ್ಟ್ರೇ, ಜೋಲೀಲಿ ರಜಾಯಿ ಹಾಸ್ಕೊಂಡು ಅದರ ಮೇಲೇ ಬಿದ್ಕೊಂಡ್ರೆ ಅದು ಚಪ್ಪಟೆಯಾಗಲ್ವಾ? ಅದುಮಿದ ಹತ್ತಿ ಹಲಗೆಗೆ ಸಮ, ಬೆಚ್ಚಗಿಡೋದು ಒಳಗಿನ ಗಾಳಿ ಅಂತ ನೀವೇ ತಾನೇ ನಂಗೆ ಹೋದ ತಿಂಗಳು ಅರ್ಧ ಗಂಟೆ ಪಾಠ ಮಾಡಿದ್ದು? ಜೋಲಿ ಕೆಳಗೆ ಬರೀ ಚಳಿಗಾಳಿ. ರಜಾಯಿ ಜೋಲಿಯ ಹೊರಗೆ, ಕೆಳಗಿಂದ ಕಟ್ಟಬೇಕು," ಎಂದರು. ಮೇಷ್ಟ್ರಿಗೆ ಕಪಾಳಕ್ಕೆ ಹೊಡೆದಂತಾಯಿತು. ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ. ಆದರೂ ಬಿಡದೆ, "ಜೋಲಿ ವಿಷಯ ಬೇರೆ, ಹಾಸಿಗೆ ವಿಷಯ ಬೇರೆ," ಎಂದು ವಾದ ಶುರು ಮಾಡಿದರು. ಸಾಹುಕಾರರೂ ಬಿಡಲಿಲ್ಲ. "ಹಾಸಿಗೆ ಚೆನ್ನಾಗಿದೆ ಅಂತ ಅಮ್ಮ ಇನ್ನೂ ಹೇಳೇ ಇಲ್ಲವಲ್ಲ..."

ಕ್ಷೌರಿಕ ತುಟಿಯ ಮೇಲೆ ಬೆರಳಿಟ್ಟು ತೋರಿಸಿದ.

ಆಕೆ ಮಾದರಿ ಹಾಸಿಗೆಯ ಮೇಲೆ, ಚಪ್ಪಲಿ ಕೂಡ ಬಿಡದೆ, ಒಂದು ಮಗ್ಗುಲಿಗೆ ಒರಗಿ ನಿದ್ದೆ ಹೋಗಿದ್ದರು. ಹೊರಗೆ ಲಾರಿ ಹಾರ್ನ್ ಹೊಡೆಯುತ್ತಿತ್ತು, ಎದುರಿನ ಬೀಗದ ಅಂಗಡಿಯಲ್ಲಿ ಕಬ್ಬಿಣ ಕುಟ್ಟುತ್ತಿದ್ದರು. ರೆಪ್ಪೆ ಕೂಡ ಅಲುಗಲಿಲ್ಲ. ಸಾಹುಕಾರರು ಎರಡು ನಿಮಿಷ ನಿಂತು ನೋಡಿದರು. ಆಮೇಲೆ ತುದಿಗಾಲಲ್ಲಿ ಬಾಗಿಲವರೆಗೆ ಹೋಗಿ, "ಮೂವತ್ತೂ ಇಂಥದ್ದೇ ಇರಲಿ," ಎಂದು ಪಿಸುಗುಟ್ಟಿ ಹೊರಟರು.

ಮೇಷ್ಟ್ರು ಹತ್ತಿ ಬಿಡಿಸುವ ಯಂತ್ರ ನಿಲ್ಲಿಸಿದರು. ಹೆಂಡತಿಯ ಚಪ್ಪಲಿ ಬಿಡಿಸಿ, ಪಾದದ ಮೇಲೆ ಒಂದು ಹೊಸ ಹೊದಿಕೆ ಎಳೆದು, ಅಂಚನ್ನು ಒಳಗೆ ಸೇರಿಸಿದರು. ತಮ್ಮ ಕಾಲಿನ ಚಿಂತೆಯಲ್ಲಿ ಈ ಕಾಲುಗಳು ಹನ್ನೆರಡು ರಾತ್ರಿ ಹಿತ್ತಿಲ ಚಳಿಯಲ್ಲಿ ಓಡಾಡಿದ್ದವು ಎಂದು ನೆನೆದು ಅವರಿಗೆ ಅಳು ಬಂತು. ಗಿರಾಕಿಗಳು ಬಂದರೆ ಹತ್ತಿಯ ಧೂಳು ಅನ್ನೋಣ ಎಂದುಕೊಂಡು ಅತ್ತರು. ಬಂದವರನ್ನೆಲ್ಲ ಕೈಸನ್ನೆಯಲ್ಲೇ ಕಳಿಸಿದರು. ಆ ದಿನ ಯಾರಿಗೂ ಪಾಠವಿರಲಿಲ್ಲ. ಸದ್ದಾಗದಂತೆ ಬಾಗಿಲ ಬಳಿ ಕೂತು, ಜೋಲಿಯ ಕೆಳಗೆ ತೂಗಿ ಕಟ್ಟಲು ಹಗುರವಾದ, ಉಬ್ಬಿದ ಒಂದು ರಜಾಯಿಯನ್ನು ಕೈಯಲ್ಲೇ ಹೊಲಿದರು.

ಆಕೆ ಎಚ್ಚರಾದಾಗ ಬೀದಿಯ ದೀಪ ಹತ್ತಿತ್ತು. "ಅದೇನ್ರೀ ಅದು?"

"ಜೋಲಿ ಕೆಳಗೆ ಕಟ್ಟೋಕೆ. ಇನ್ನು ಕಾಲು ತಣ್ಣಗಾಗಲ್ಲ. ನೀನು ರಾತ್ರಿ ಏಳಬೇಕಾಗಿಲ್ಲ."

ಆಕೆ ರಜಾಯಿಯನ್ನು ಅಂಗೈಯಿಂದ ಒತ್ತಿ ನೋಡಿದರು, ತಿರುಗಿಸಿ ನೋಡಿದರು.

"ಆದ್ರೂ ಒಂದು ಸಲ ಬಂದು ಮುಟ್ಟಿ ನೋಡ್ತೀನಿ."

ಮೇಷ್ಟ್ರು ದಾರ ಕಚ್ಚಿ ತುಂಡರಿಸಿದರು. "ಬಾ. ಮುಚ್ಚಿ ಹೋಗು."